ಅಟ್ಟದಲ್ಲಿ ಸಿಕ್ಕಿದ ಸೀಸದ ಸಿಪಾಯಿಗಳು: ಏನು ಮಾಡಬೇಕು, ಏನು ಮಾಡಬಾರದು

ಹಳೆ ಮನೆ ಕೆಡವುವಾಗ ಅಟ್ಟದಲ್ಲೋ ಪತ್ತಾಯದ ಅಡಿಯಲ್ಲೋ ಬೆರಳುದ್ದದ ಲೋಹದ ಸಿಪಾಯಿಗಳು ಸಿಕ್ಕಿವೆ, ಇವನ್ನು ಹೇಗೆ ಪಾಲಿಶ್ ಮಾಡುವುದು, ಯಾವ ಬಣ್ಣ ಹಚ್ಚುವುದು? ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಾಲಿಶ್ ಮಾಡಬೇಡಿ. ಬಣ್ಣವನ್ನೂ ಹಚ್ಚಬೇಡಿ, ಕನಿಷ್ಠ ಈಗಲೇ ಬೇಡ. ನಮ್ಮ ಕರಾವಳಿಯಲ್ಲಿ ಈ ಗೊಂಬೆಗಳನ್ನು ಕೊಲ್ಲುವುದು ಧೂಳಲ್ಲ. ತೇವ ಮತ್ತು ಮರದ ಪೆಟ್ಟಿಗೆ. ಅದನ್ನು ಸರಿಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

ಈ ಸಿಪಾಯಿಗಳು ಇಂಗ್ಲೆಂಡಿನಲ್ಲಿ ತಯಾರಾದ ಆಟಿಕೆಗಳಾಗಿರಬಹುದು. ಇಂಗ್ಲೆಂಡಿನ ಆಟಿಕೆ ಕಾಸರಗೋಡಿಗೆ ಹೇಗೆ ಬಂತು ಅಂತ ಆಶ್ಚರ್ಯ ಬೇಡ. 1956ರವರೆಗೆ ನಮ್ಮ ತಾಲೂಕು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸು, ಬೊಂಬಾಯಿ, ಕೊಲಂಬೊ ಅಂತ ಕೆಲಸಕ್ಕೆ ಹೋದವರು ಊರಿಗೆ ಬರುವಾಗ ಮಕ್ಕಳಿಗೆ ಏನಾದರೂ ತರದೆ ಇರುತ್ತಿದ್ದರೇ?

ಮೊದಲು ಬೇಕಾದ ಸಾಮಾನು. ನೈಟ್ರೈಲ್ ಕೈಗವಸು, ಎನ್-95 ಮಾಸ್ಕ್, ಕಿವಿಗೆ ಹಾಕುವ ಹತ್ತಿಕಡ್ಡಿ, ಮೆತ್ತನೆ ಚಿತ್ರದ ಬ್ರಷ್, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಹತ್ತು ಪಟ್ಟು ದೊಡ್ಡದು ತೋರಿಸುವ ಕಣ್ಣುಗಾಜು, ಒಂದು ಅಯಸ್ಕಾಂತ. ಕಣ್ಣುಗಾಜು ಎಲ್ಲಿ ಸಿಗುತ್ತದೆ ಅಂತ ವಾಚ್ ರಿಪೇರಿಯವರನ್ನು ಕೇಳಿ. ಉಳಿದದ್ದು ಮೆಡಿಕಲ್, ಹಾರ್ಡ್‌ವೇರ್, ಸ್ಟೇಶನರಿ ಅಂಗಡಿಗಳಲ್ಲೇ ಸಿಗುತ್ತದೆ. ರಿಪೇರಿಗೆ ಬೇಕಾದದ್ದನ್ನು ಆ ಹಂತದಲ್ಲಿ ಹೇಳುತ್ತೇನೆ.

1. ಮುಟ್ಟುವ ಮೊದಲು

ಇದು ಸೀಸ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಇದೆಯಲ್ಲ, ಅದೇ ಲೋಹ. ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ. ಆದರೆ ಪುಡಿ ಹೊಟ್ಟೆಗೋ ಶ್ವಾಸಕ್ಕೋ ಹೋದರೆ ಅಪಾಯ, ಮಕ್ಕಳಿಗೆ ಮತ್ತು ಬಸುರಿಯರಿಗೆ ಜಾಸ್ತಿ ಅಪಾಯ. ಹಳೆ ಬಣ್ಣದಲ್ಲೂ ಸೀಸ ಇರುತ್ತದೆ. ಹಾಗಾಗಿ ಅಡುಗೆಮನೆಯಲ್ಲಿ, ಊಟದ ಮೇಜಿನಲ್ಲಿ ಈ ಕೆಲಸ ಬೇಡ. ಹಳೆ ಪೇಪರ್ ಹಾಸಿ ಕೂತುಕೊಳ್ಳಿ, ಮುಗಿದ ಮೇಲೆ ಅದನ್ನು ಮಡಚಿ ಚೀಲಕ್ಕೆ ಹಾಕಿ ಕಟ್ಟಿ. ಕೈ ಸೋಪಿನಲ್ಲಿ ತೊಳೆಯದೆ ಚಹಾ ಲೋಟ ಮುಟ್ಟಬೇಡಿ. ಒಣ ಸ್ಯಾಂಡ್‌ಪೇಪರ್ ಹಾಕಿ ಉಜ್ಜಲೇಬಾರದು, ಬಾಯಿಯಿಂದ ಊದಲೂಬಾರದು. ತೊಳೆದ ನೀರನ್ನು ಬಾವಿಕಟ್ಟೆ ಹತ್ತಿರ ಅಥವಾ ತೋಟಕ್ಕೆ ಚೆಲ್ಲಬೇಡಿ.

ಇನ್ನೊಂದು ಮಾತು. ಮುರಿದ ತುಂಡುಗಳನ್ನು ಒಲೆಯಲ್ಲಿ ಕರಗಿಸಿ ಹೊಸದು ಎರಕ ಹೊಯ್ಯುವ ಯೋಚನೆ ಕೆಲವರಿಗೆ ಬರುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ ನಿಜ. ಮನೆಯೊಳಗೆ ಅದರ ಹೊಗೆ ಮತ್ತು ಬೂದಿ ಬೇಡ ಮಾರಾಯ್ರೆ.

2. ಏನು ಸಿಕ್ಕಿದೆ ಅಂತ ಗುರುತಿಸಿ

ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ತಗಡಿನ ಆಟಿಕೆ, ಅದರ ದಾರಿಯೇ ಬೇರೆ. ಅಂಟದಿದ್ದರೆ ಪೀಠದ ಅಡಿಯಲ್ಲಿ ಬಣ್ಣ ಹೋದ ಜಾಗ ನೋಡಿ, ಅದರ ಅಂಚನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ಎಳೆಯಿರಿ. ಪೆನ್ಸಿಲಿನಂತೆ ಬೂದು ಗೆರೆ ಮೂಡಿದರೆ ಸೀಸ ಜಾಸ್ತಿ ಇದೆ ಅಂತ ಅರ್ಥ. ತೀರಾ ಹಗುರ, ಗೆರೆಯೂ ಮೂಡುವುದಿಲ್ಲ ಅಂದರೆ ಅಲ್ಯೂಮಿನಿಯಂ ಇರಬಹುದು. ಫ್ರಾನ್ಸಿನ ಕ್ವಿರಾಲು, ಇಂಗ್ಲೆಂಡಿನ ವೆಂಡಾಲ್ ಅಂಥವನ್ನು ಮಾಡುತ್ತಿದ್ದವು.

ತೂಕವನ್ನು ಮಾತ್ರ ನಂಬಬೇಡಿ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಸೀಸ ಅಂದ ಮೇಲೆ ಭಾರ ಇರಬೇಕಲ್ಲ, ಇದು ಹಗುರ ಇದೆ, ಹಾಗಾದರೆ ನಕಲಿ ಅಂದುಕೊಳ್ಳುತ್ತಾರೆ. ಒಳಗೆ ಪೊಳ್ಳು ಇರುವುದೇ ಅದಕ್ಕೆ ಕಾರಣ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ (ಬ್ರಿಟನ್ಸ್ ಅನ್ನುವುದು ಇದನ್ನೇ) ಪೊಳ್ಳು ಎರಕದ ಸಿಪಾಯಿಗಳನ್ನು ಮಾರುಕಟ್ಟೆಗೆ ತಂದಿತು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಅಚ್ಚಿನ ಗೋಡೆಗೆ ತಾಗಿದ ಭಾಗ ಗಟ್ಟಿಯಾದ ಕೂಡಲೇ ಉಳಿದದ್ದನ್ನು ಹೊರಗೆ ಸುರಿಯುವುದು. ಸಿಪ್ಪೆ ಮಾತ್ರ ಉಳಿಯುತ್ತದೆ. ಲೋಹ ಕಡಿಮೆ ಸಾಕು, ಸಾಗಿಸಲು ಖರ್ಚೂ ಕಡಿಮೆ. ಅಷ್ಟರವರೆಗೆ ಜರ್ಮನಿಯ ಗಟ್ಟಿ ಎರಕದ ಗೊಂಬೆಗಳದ್ದೇ ಕಾರುಬಾರು. ಅವುಗಳ ಮುಂದೆ ಇವು ಅಗ್ಗವಾದವು. ಕಣ್ಣುಗಾಜಿನಲ್ಲಿ ನೋಡಿದರೆ ತಲೆಯ ಮೇಲೋ ಕಾಲಿನ ಹತ್ತಿರವೋ ಸೂಜಿಮೊನೆಯಷ್ಟು ತೂತು ಕಾಣಬಹುದು. ಅದು ಗಾಳಿ ಹೋಗುವ ದಾರಿ. ಮುಚ್ಚಬೇಡಿ.

ಈಗ ಪೀಠವನ್ನು ತಿರುಗಿಸಿ ಅಕ್ಷರ ಓದಿ. ಬ್ರಿಟನ್ಸ್‌ನ ಹಳೆಯ ಗೊಂಬೆಗಳ ಅಡಿಯಲ್ಲಿ ಕಾಗದದ ಚೀಟಿ ಇರುತ್ತಿತ್ತು. ಆಮೇಲೆ ಅಕ್ಷರಗಳನ್ನು ಲೋಹದಲ್ಲೇ ಒತ್ತಿದರು. 1901 ಅಂತ ತಾರೀಕು ಕಂಡರೆ 1901ರಲ್ಲೇ ತಯಾರಾದದ್ದು ಅಂತ ಹಿಗ್ಗಬೇಡಿ. ಅದು ಆ ವಿನ್ಯಾಸದ ಹಕ್ಕು ನೋಂದಾಯಿಸಿದ ದಿನ. ಅದೇ ಅಚ್ಚಿನಿಂದ ಮುಂದೆ ಎಷ್ಟೋ ವರ್ಷ ಗೊಂಬೆ ಬಂದಿರುತ್ತದೆ. ಕಾಗದದ ಚೀಟಿ ಇದ್ದರೆ ಅದಕ್ಕೆ ಒಂದು ಹನಿ ನೀರೂ ತಾಗಿಸಬೇಡಿ. ಬ್ರಿಟನ್ಸ್‌ನ ಸಾಮಾನ್ಯ ಸಿಪಾಯಿಯ ಎತ್ತರ 54 ಮಿಲಿಮೀಟರ್. ಅಳತೆ ಹೊಂದದಿದ್ದರೆ ಜಾನ್ ಹಿಲ್, ಕ್ರೆಸೆಂಟ್, ಚಾರ್ಬೆನ್ಸ್‌ನಂಥ ಬೇರೆ ಇಂಗ್ಲಿಷ್ ಕಂಪನಿಗಳದ್ದು ಇರಬಹುದು. 1966ರ ಹೊತ್ತಿಗೆ ಬ್ರಿಟನ್ಸ್‌ನಲ್ಲಿ ಸೀಸದ ಎರಕ ನಿಂತುಹೋಯಿತು, ಜಾಗಕ್ಕೆ ಪ್ಲಾಸ್ಟಿಕ್ ಬಂತು.

ಗೊಂಬೆಗಳ ಜೊತೆ ಸಣ್ಣ ತೋಪು, ಲಾರಿ ಸಿಕ್ಕರೆ ಅವನ್ನು ಬೇರೆ ಇಡಿ. ಅವು ಸತುವಿನ ಮಿಶ್ರಲೋಹದ್ದಾಗಿರಬಹುದು. ಅದರಲ್ಲಿ ಸೀಸದ ಕಲಬೆರಕೆ ಸ್ವಲ್ಪ ಸೇರಿದ್ದರೂ ವರ್ಷಗಳು ಹೋದಂತೆ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ಮುಟ್ಟದೆ ಫೋಟೊ ತೆಗೆದಿಡಿ, ಅಷ್ಟೇ.

ಇನ್ನು ನಮ್ಮ ಊರಿನದ್ದೇ ಒಂದು ಎಚ್ಚರಿಕೆ. ಹಿತ್ತಾಳೆ ಅಥವಾ ಕಂಚಿನ ಕುದುರೆ ಸವಾರ, ಕತ್ತಿ ಹಿಡಿದ ಆಳು ಸಿಕ್ಕರೆ ಆಟಿಕೆ ಅಂತ ತೀರ್ಮಾನ ಮಾಡಬೇಡಿ. ತುಳುನಾಡಿನಲ್ಲಿ ದೈವಗಳಿಗೆ ಸಂಬಂಧಿಸಿದ ಲೋಹದ ಮೂರ್ತಿಗಳು, ಹರಕೆಯ ಬೊಂಬೆಗಳು ಇದೇ ರೂಪದಲ್ಲಿ ಇರುತ್ತವೆ. ನಿಮ್ಮ ಮನೆಯದ್ದಾದರೆ ಹಿರಿಯರನ್ನು ಕೇಳಿ. ಬೇರೆಯವರು ಮಾರಲು ತಂದದ್ದಾದರೆ, ಯಾವ ಮನೆಯಿಂದ ಬಂತು ಅಂತ ನೇರ ಉತ್ತರ ಸಿಗದಿದ್ದರೆ, ತೆಗೆದುಕೊಳ್ಳಬೇಡಿ. ಭಂಡಾರದಿಂದ ಕದ್ದದ್ದು ನಿಮ್ಮ ಶೋಕೇಸಿಗೆ ಬರಬಾರದು ಅಲ್ವಾ?

3. ಬಿಳಿ ಪುಡಿ ಇದೆಯಾ ನೋಡಿ

ಇದೇ ಮುಖ್ಯ ಹಂತ. ಅವಸರ ಮಾಡಬೇಡಿ.

ಸೀಸ ಗಾಳಿಯಲ್ಲಿ ಕಪ್ಪು ಬೂದು ಬಣ್ಣಕ್ಕೆ ತಿರುಗುವುದು ಸಹಜ. ಆ ಪದರವೇ ಅದಕ್ಕೆ ರಕ್ಷೆ, ಉಜ್ಜಿ ತೆಗೆಯಬಾರದು. ಆದರೆ ಕಾಲಿನ ಹತ್ತಿರ, ಬಣ್ಣ ಕಿತ್ತ ಜಾಗದಲ್ಲಿ, ಕುದುರೆಯ ಹೊಟ್ಟೆಯಡಿಯಲ್ಲಿ ಬಿಳಿ ಅಥವಾ ತಿಳಿಬೂದು ಹಿಟ್ಟು ಉಬ್ಬಿ ಬಂದಿದ್ದರೆ ಅದು ಬೂಷ್ಟು ಅಲ್ಲ. ಲೋಹವೇ ಹಿಟ್ಟಾಗುತ್ತಿದೆ. ಸಂಗ್ರಹಕಾರರು ಇದನ್ನು ಲೆಡ್ ರಾಟ್ ಅನ್ನುತ್ತಾರೆ.

ಯಾಕೆ ಹೀಗಾಗುತ್ತದೆ? ಮರ, ಪ್ಲೈವುಡ್, ರಟ್ಟು, ಕೆಲವು ಅಂಟುಗಳು ಅಸಿಟಿಕ್ ಆಮ್ಲದ ಆವಿಯನ್ನು ಮೆಲ್ಲಮೆಲ್ಲಗೆ ಬಿಡುತ್ತಲೇ ಇರುತ್ತವೆ. ವಿನೆಗರ್‌ನಲ್ಲಿ ಇರುವುದೂ ಅದೇ ಆಮ್ಲ. ಆವಿಗೆ ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದರೆ ಸೀಸ ಕಾರ್ಬೊನೇಟ್ ಆಗುತ್ತದೆ. ಹಿಂದೆ ಬಣ್ಣದ ಕಾರ್ಖಾನೆಗಳಲ್ಲಿ ಬಿಳಿ ಬಣ್ಣ ಮಾಡುತ್ತಿದ್ದದ್ದೇ ಹೀಗೆ. ಸೀಸದ ಹಾಳೆಗಳನ್ನು ವಿನೆಗರ್ ಇಟ್ಟ ಮಡಕೆಗಳಲ್ಲಿ ಹಾಕಿ, ಸುತ್ತ ಗೊಬ್ಬರ ತುಂಬಿ ಬಿಸಿಯಲ್ಲಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಜಡಿಮಳೆಯ ಆಟಿ ತಿಂಗಳಲ್ಲಿ ಬಾಗಿಲು ಮುಚ್ಚಿದ ಮರದ ಕಪಾಟಿನೊಳಗೆ ನಡೆಯುವುದೂ ಅದೇ ಕೆಲಸ. ಹಲಸಿನ ಮರದ ಪೆಟ್ಟಿಗೆ, ಅಜ್ಜನ ಕಾಲದ್ದು, ಎಷ್ಟು ಚಂದ ಅಂತ ಅದರಲ್ಲೇ ಸಿಪಾಯಿಗಳನ್ನು ಇಡುವವರು ಇದನ್ನು ಯೋಚಿಸಬೇಕು. ಪೆಟ್ಟಿಗೆಯನ್ನು ಬೇರೆಯದಕ್ಕೆ ಇಟ್ಟುಕೊಳ್ಳಿ.

ಏನು ಮಾಡಬೇಕು ಅಂದರೆ, ಹಿಟ್ಟು ಬಂದ ಗೊಂಬೆಯನ್ನು ಕೂಡಲೇ ಬೇರೆ ಮಾಡಿ. ಮಾಸ್ಕ್ ಹಾಕಿ, ಸ್ವಲ್ಪ ಒದ್ದೆ ಮಾಡಿದ ಬ್ರಷ್‌ನಿಂದ ಸಡಿಲ ಹಿಟ್ಟನ್ನು ಮಾತ್ರ ಒದ್ದೆ ಟಿಶ್ಯೂ ಮೇಲೆ ತೆಗೆಯಿರಿ. ಬಣ್ಣವಿಲ್ಲದ ಬರಿ ಲೋಹದ ಜಾಗವನ್ನು ಅಸಿಟೋನ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಬಣ್ಣ ಇರುವಲ್ಲಿ ಅಸಿಟೋನ್ ತಾಗಿದರೆ ಬಣ್ಣ ಕರಗಿ ಹೋಗುತ್ತದೆ, ಹುಷಾರು. ಪೂರ್ತಿ ಒಣಗಿದ ಮೇಲೆ ಆ ಜಾಗಕ್ಕೆ ಮಾತ್ರ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಹಚ್ಚಿ. ಇದು ಮ್ಯೂಸಿಯಂಗಳಲ್ಲಿ ಲೋಹಕ್ಕೆ ಹಚ್ಚುವ ಮೇಣ, ಆನ್‌ಲೈನಿನಲ್ಲಿ ಸಿಗುತ್ತದೆ. ಕಾಲು ಪೂರ್ತಿ ಹಿಟ್ಟಾಗಿ ತೂತು ಬಿದ್ದಿದ್ದರೆ ಮನೆಮದ್ದು ಬೇಡ. ವಿದ್ಯುತ್ ಹಾಯಿಸಿ ಹಿಟ್ಟನ್ನು ಮತ್ತೆ ಲೋಹ ಮಾಡುವ ವಿಧಾನ ಇದೆ, ಅದು ಸಂರಕ್ಷಣೆ ಕಲಿತವರ ಕೆಲಸ.

4. ಕೊಳೆ ತೆಗೆಯುವುದು

ನಮ್ಮಲ್ಲಿ ಲೋಹ ಅಂದರೆ ಹುಣಸೆಹುಳಿ. ದೀಪ, ಕಾಲುದೀಪ, ತಂಬಿಗೆ ಎಲ್ಲಕ್ಕೂ ಹುಳಿ ಮತ್ತು ಬೂದಿ. ಇಲ್ಲಿ ಅದು ಖಂಡಿತ ಬೇಡ. ಹುಣಸೆ, ಲಿಂಬೆ, ಬಿಂಬುಳಿ, ವಿನೆಗರ್, ಎಲ್ಲವೂ ಆಮ್ಲ. ಮೂರನೇ ಹಂತದಲ್ಲಿ ಹೇಳಿದ ಕಾಯಿಲೆಯನ್ನು ನೀವೇ ಹಚ್ಚಿದಂತೆ. ಬೂದಿ, ಸೋಡಾಪುಡಿ ಬಣ್ಣವನ್ನು ಕೆರೆಯುತ್ತವೆ. ಹಿತ್ತಾಳೆ ಪಾಲಿಶ್ ಕೂಡ ಬೇಡ.

ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ಅಷ್ಟಕ್ಕೇ ಸಾಕು ಅನಿಸಿದರೆ ನಿಲ್ಲಿಸಿ. ಅಟ್ಟದ ಹೊಗೆಮಸಿ ಕೂತಿದ್ದರೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಸೋಪು ಹಾಕಿ, ಹತ್ತಿಕಡ್ಡಿ ಅದ್ದಿ, ಹಿಂಡಿ, ಮೊದಲು ಪೀಠದ ಹಿಂಬದಿಯಲ್ಲಿ ಪರೀಕ್ಷೆ ಮಾಡಿ. ಕಡ್ಡಿಯಲ್ಲಿ ಕಪ್ಪು ಬಂದರೆ ಕೊಳೆ. ಕೆಂಪೋ ನೀಲಿಯೋ ಬಂದರೆ ಬಣ್ಣವೇ ಬರುತ್ತಿದೆ, ಕೂಡಲೇ ನಿಲ್ಲಿಸಿ. ಉಜ್ಜಬೇಡಿ, ಕಡ್ಡಿಯನ್ನು ಉರುಳಿಸಿ. ಬರಿ ನೀರಿನ ಕಡ್ಡಿಯಿಂದ ಮತ್ತೊಮ್ಮೆ ಒರೆಸಿ, ಕೂಡಲೇ ಒಣ ಬಟ್ಟೆ. ನೀರಿನಲ್ಲಿ ನೆನೆಸಿಡಬಾರದು. ಶುದ್ಧ ನೀರೂ ಸೀಸವನ್ನು ತಿನ್ನುತ್ತದೆ, ಮೇಲಾಗಿ ಪೊಳ್ಳು ಗೊಂಬೆಯ ಒಳಗೆ ನೀರು ಹೋದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಸಮುದ್ರದ ಹತ್ತಿರದವರು ಬಾವಿ ನೀರು ಬಳಸಬೇಡಿ, ಉಪ್ಪಿನಂಶ ಇರುತ್ತದೆ.

ಒಣಗಿಸಲು ಬಿಸಿಲಿಗೆ ಇಡುವುದು ಬೇಡ, ಫ್ಯಾನಿನ ಗಾಳಿ ಸಾಕು. ಈ ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಕೈ ಹಾಕಲೇಬೇಡಿ.

5. ಮುರಿದದ್ದನ್ನು ಕೂಡಿಸುವುದು

ಇಲ್ಲಿ ಒಂದೇ ನಿಯಮ. ಇವತ್ತು ನೀವು ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚಲು ಆಗಬೇಕು.

ಬಗ್ಗಿದ ಕೋವಿ, ಕತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಸೀಸ ಮೆತ್ತಗೆ ಅಂತ ಧೈರ್ಯ ಬರುತ್ತದೆ. ಆದರೆ ಗಟ್ಟಿ ಬರಲಿ ಅಂತ ಅದಕ್ಕೆ ಆಂಟಿಮನಿ ಎಂಬ ಲೋಹ ಬೆರೆಸಿರುತ್ತಾರೆ, ಅದರಿಂದ ಪೆಡಸಾಗಿರುತ್ತದೆ. ಪಟ್ ಅಂತ ತುಂಡಾಗುತ್ತದೆ. ಬಗ್ಗಿದ ಕೋವಿಗೆ ಮುರಿದ ಕೋವಿಗಿಂತ ಬೆಲೆ ಜಾಸ್ತಿ.

ಕತ್ತು ಮುರಿದ ಸಿಪಾಯಿಗೆ ಹಿಂದಿನವರು ಪೊಳ್ಳಿನೊಳಗೆ ಬೆಂಕಿಕಡ್ಡಿ ತುರುಕಿ ತಲೆ ನಿಲ್ಲಿಸುತ್ತಿದ್ದರು. ಇಂಗ್ಲೆಂಡಿನ ಮಕ್ಕಳೂ ಮಾಡಿದ್ದು ಅದನ್ನೇ. ಹಾಗೆ ಗಟ್ಟಿಯಾಗಿ ನಿಂತಿದ್ದರೆ ಬಿಟ್ಟುಬಿಡಿ. ಹೊಸದಾಗಿ ಮಾಡುವುದಾದರೆ ಕಡ್ಡಿಯ ಬದಲು 0.5ರಿಂದ 0.8 ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಬಳಸಿ. ಕೈಯಿಗೆ, ಕುದುರೆ ಕಾಲಿಗೆ ಎರಡೂ ಬದಿ ಸಣ್ಣ ತೂತು ಕೊರೆದು ತಂತಿಯನ್ನು ಮೊಳೆಯಂತೆ ಕೂರಿಸಬೇಕು. ಕೈಯಲ್ಲೇ ತಿರುಗಿಸುವ ಸಣ್ಣ ಡ್ರಿಲ್ ಸಾಕು, ಪತ್ತಾರರನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಕರೆಂಟಿನ ಡ್ರಿಲ್ ಬೇಡ, ಪುಡಿ ಹಾರುತ್ತದೆ.

ಅಂಟು ಯಾವುದು? ಎರಡು ಟ್ಯೂಬಿನ, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ಒಳ್ಳೆಯದು. ಆದರೆ ಅದು ಒಮ್ಮೆ ಕೂತರೆ ಬಿಡುವುದಿಲ್ಲ. ಹಾಗಾಗಿ ಮುರಿದ ಮೈಗೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚಿ ಒಣಗಿಸಿ, ಅದರ ಮೇಲೆ ಅರಾಲ್ಡೈಟ್ ಹಾಕಿ. ಮುಂದೆ ಬಿಚ್ಚಬೇಕಾದರೆ ಅಸಿಟೋನ್ ಒಳಗಿನ ಪದರವನ್ನು ಕರಗಿಸುತ್ತದೆ. ಒಂದು ದಿನ ಅಲುಗಾಡಿಸದೆ ಬಿಡಿ. ಕ್ಷಣದಲ್ಲಿ ಹಿಡಿಯುವ ಗಮ್ ಬಳಸಿದರೆ ನಮ್ಮ ತೇವದ ಗಾಳಿಯಲ್ಲಿ ಸುತ್ತ ಬಿಳಿ ಮಬ್ಬು ಕೂರುತ್ತದೆ. ಬೆಸುಗೆಯ ಯೋಚನೆಯನ್ನೂ ಬಿಡಿ. ಸಾಮಾನ್ಯ ಬೆಸುಗೆ ಕಡ್ಡಿ 190 ಡಿಗ್ರಿ ಹತ್ತಿರ ಕರಗುತ್ತದೆ, ಬೆಸುಗೆ ಹಾಕುವ ಸಲಕರಣೆಯ ತುದಿ ಅದಕ್ಕಿಂತ ಎಷ್ಟೋ ಬಿಸಿ. ಸಿಪಾಯಿಯ ತೆಳು ಸಿಪ್ಪೆಯೇ ಕರಗಿ ಕೂರುತ್ತದೆ. ಕಳೆದುಹೋದ ಪೀಠದ ಮೂಲೆಯಂಥದ್ದಕ್ಕೆ ಎಂ-ಸೀಲ್ ನಡೆಯುತ್ತದೆ, ಅಡಿಯಲ್ಲಿ ಅದೇ ಪ್ಯಾರಲಾಯ್ಡ್ ಪದರ ಇರಲಿ.

6. ಬಣ್ಣ

ಮೂಲ ಬಣ್ಣ ಅರ್ಧ ಹೋಗಿದ್ದರೂ ಅದರ ಮೇಲೆ ಹಚ್ಚಬಾರದು. ಸಂಗ್ರಹಕಾರರು ಕೊಡುವ ಬೆಲೆ ಆ ಅರ್ಧಕ್ಕೇ. ಹೊಳಪು ಬರಲಿ ಅಂತ ವಾರ್ನಿಶ್ ಎಳೆಯುವುದೂ ಅಷ್ಟೇ ಹಾಳು. ಬರಿ ಲೋಹ ಮಾತ್ರ ಉಳಿದಿದ್ದರೆ, ಅಥವಾ ಯಾರೋ ಮನೆಯ ಕಿಟಕಿಗೆ ತಂದ ಪೇಂಟನ್ನೇ ಬಳಿದಿದ್ದು ಅಡಿಯಲ್ಲಿ ಹಳೆಯದೇನೂ ಇಲ್ಲ ಅಂತ ಕಣ್ಣುಗಾಜಿನಲ್ಲಿ ಖಾತ್ರಿಯಾದರೆ ಮಾತ್ರ ಹೊಸ ಬಣ್ಣ. ತೆಳು ಪ್ರೈಮರ್, ಮೇಲೆ ಹೊಳಪಿನ ಎನಾಮೆಲ್. ಈ ಆಟಿಕೆಗಳು ಹೊಳೆಯುತ್ತಲೇ ಇದ್ದವು. ಈಗಿನ ಮಾದರಿ ಗೊಂಬೆಗಳ ಹಾಗೆ ಮಂಕು ಬಣ್ಣ, ನೆರಳು, ಕೆಸರು ಎಲ್ಲ ಹಾಕಿದರೆ ಕೆಟ್ಟದಾಗಿ ಕಾಣುತ್ತದೆ.

ಸಮವಸ್ತ್ರದ ಬಣ್ಣವನ್ನು ಊಹೆ ಮಾಡಬೇಡಿ. ಬ್ರಿಟನ್ಸ್ ಭಾರತೀಯ ಸೇನೆಯ ಕುದುರೆ ಸವಾರರನ್ನೂ ಮಾಡಿತ್ತು. ಅದರಲ್ಲಿ ಸ್ಕಿನ್ನರ್ಸ್ ಹಾರ್ಸ್ ಪಡೆಯದು ಹಳದಿ ಕೋಟು. ಪೇಟ ಸುತ್ತಿದ ಸವಾರನ ಮೈಯಲ್ಲಿ ಮಾಸಿದ ಹಳದಿ ಕಂಡು, ಕೆಂಪು ಹೋಗಿ ಹೀಗಾಗಿದೆ ಅಂತ ಕೆಂಪು ಬಳಿದರೆ ಹೇಗಿರಬೇಡ! ಬಣ್ಣ ಹಚ್ಚಿದ ಮೇಲೆ ಪೀಠದ ಅಡಿಯಲ್ಲಿ ಸಣ್ಣದಾಗಿ ಇಸವಿ ಬರೆಯಿರಿ. ಮುಂದೆ ಕೊಳ್ಳುವವರಿಗೆ ಮೋಸ ಆಗಬಾರದು.

7. ಇಡುವುದು

ಸ್ಟೀಲ್ ಕಪಾಟು, ಅದರೊಳಗೆ ಮುಚ್ಚಳ ಬಿಗಿಯಾಗಿ ಕೂರುವ ಪಾಲಿಪ್ರೊಪಿಲೀನ್ ಡಬ್ಬಿ. ಡಬ್ಬಿಯ ತಳದಲ್ಲಿ ತ್ರಿಕೋನದ ಒಳಗೆ 5 ಅಂತ ಇರುತ್ತದೆ ನೋಡಿ, ಅದು. ಪಿವಿಸಿ ಬೇಡ. ಗೊಂಬೆಗೆ ಸುತ್ತಲು ಆಮ್ಲವಿಲ್ಲದ ಟಿಶ್ಯೂ ಕಾಗದ. ನ್ಯೂಸ್‌ಪೇಪರ್‌ನಲ್ಲಿ ಆಮ್ಲ ಇದೆ. ಸ್ಪಂಜು ಕೆಲವು ವರ್ಷದಲ್ಲಿ ಜಿಗುಟಾಗಿ ಬಣ್ಣಕ್ಕೆ ಅಂಟುತ್ತದೆ. ನುಸಿಗುಳಿಗೆ ಸೀರೆಗೆ ಸರಿ, ಇಲ್ಲಿಂದ ದೂರ ಇರಲಿ.

ಡಬ್ಬಿಯೊಳಗೆ ಸಿಲಿಕಾ ಜೆಲ್ ಚೀಲ ಮತ್ತು ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಇಡಿ. ಮೀಟರ್ 50 ಶೇಕಡಕ್ಕಿಂತ ಕೆಳಗೆ ಇರಬೇಕು. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಕುಡಿದಾಗ ಹಸಿರಾಗುತ್ತದೆ. ಆಗ ಅದನ್ನು ಚೀಲದಿಂದ ತೆಗೆದು, ಅದಕ್ಕೆಂದೇ ಇಟ್ಟ ತಟ್ಟೆಯಲ್ಲಿ, ಓವನ್ನಿನಲ್ಲಿ 110ರಿಂದ 120 ಡಿಗ್ರಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಮೀಟರ್ ನೋಡಿ. ಡಬ್ಬಿ ಪಾರದರ್ಶಕ ಆಗಿದ್ದರೆ ತೆರೆಯುವ ಅಗತ್ಯವೇ ಇಲ್ಲ.

ಶೋಕೇಸ್ ಬೇಕೇ ಬೇಕು ಅನ್ನುವವರು ಗಾಜು ಮತ್ತು ಪೌಡರ್ ಕೋಟಿಂಗ್ ಮಾಡಿದ ಸ್ಟೀಲಿನದ್ದು ಮಾಡಿಸಿ. ಗಾಜು ಕೂರಿಸುವಾಗ ಹುಳಿ ವಾಸನೆ ಬರುವ ಸಿಲಿಕೋನ್ ಹಾಕಿದರೆ ಅದೂ ಅಸಿಟಿಕ್ ಆಮ್ಲವೇ. ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನ್ ಕೇಳಿ.

8. ಇನ್ನೂ ಬೇಕು ಅನಿಸಿದರೆ

ಆಕ್ರಿ ಅಂಗಡಿಯವರಿಗೆ, ಗುಜರಿಯವರಿಗೆ ಹೇಳಿಡಿ. ಸೀಸ ತೂಕಕ್ಕೆ ಹೋಗುವ ಸಾಮಾನು, ಹೇಳದಿದ್ದರೆ ಕರಗಿ ಹೋಗುತ್ತದೆ. ಕೊಚ್ಚಿಯ ಮಟ್ಟಾಂಚೇರಿಯ ಹಳೆ ಸಾಮಾನಿನ ಅಂಗಡಿಗಳು, ಮುಂಬೈಯ ಚೋರ್ ಬಜಾರ್ ಕಡೆ ಹೋದಾಗ ಒಂದು ಕಣ್ಣಿರಲಿ. ಹಳೆ ಅಚ್ಚಿನ ನಕಲುಗಳು ತುಂಬ ಇವೆ. ಪೊಳ್ಳು ಇರಬೇಕಾದ ಗೊಂಬೆ ಗಟ್ಟಿ ಇದ್ದರೆ, ಮೂಗು ಗುಂಡಿಗಳ ಗೆರೆ ಮಸುಕಾಗಿದ್ದರೆ, ಸವೆಯಬೇಕಾದ ಪೀಠದ ಅಂಚಿನಲ್ಲಿ ಬಣ್ಣ ಹೊಚ್ಚಹೊಸದಾಗಿದ್ದರೆ ಅನುಮಾನಪಡಿ. ನೋಟು ಪರೀಕ್ಷೆಯ ನೀಲಿ ದೀಪ ಹಿಡಿದರೆ ಹೊಸ ಬಣ್ಣ, ಹೊಸ ಅಂಟು ಹಾಕಿದ ಜಾಗ ಸಾಮಾನ್ಯವಾಗಿ ಬೇರೆಯಾಗಿ ಕಾಣುತ್ತದೆ. ರಟ್ಟಿನ ಮೂಲ ಪೆಟ್ಟಿಗೆ ಸಿಕ್ಕರೆ ಬಿಸಾಡಬೇಡಿ, ಅದಕ್ಕೂ ಬೆಲೆ ಇದೆ. ಆದರೆ ಗೊಂಬೆಗಳನ್ನು ಅದರೊಳಗೆ ಇಡಬೇಡಿ.

ಗಲ್ಫಿನಲ್ಲೋ ಇಂಗ್ಲೆಂಡಿನಲ್ಲೋ ಇರುವ ನೆಂಟರಿಗೆ ಕಳಿಸುವವರು, ಹೊರಗೆ ಮಾರುವವರು ಒಂದು ಕಾನೂನು ನೋಡಿಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲೆ, ಕುಸುರಿಯ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಗೊಂಬೆ ಆ ಅಂಚಿನಲ್ಲಿದ್ದರೆ ಪಾರ್ಸೆಲ್ ಕಟ್ಟುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಕೇಳಿ. ಅರ್ಜಿಗೆ ಫೋಟೊ ಬೇಕಾಗುತ್ತದೆ, ಎದುರು, ಬೆನ್ನು, ಪೀಠದ ಅಡಿ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದಿಟ್ಟುಕೊಳ್ಳಿ.